ಬೆಳೆ ಬೇಡ ಅಂತ ಯಾರಾದರೂ ನಾಟಿ ಮಾಡ್ತಾರಾ?

"ಅಣ್ಣಾ, ಫಲದ ಆಸೆ ಬಿಟ್ಟು ಕೆಲಸ ಮಾಡು ಅಂತ ಗೀತೆಯಲ್ಲಿ ಇದೆಯಲ್ವಾ? ಸಾಲ ತಂದು ಭತ್ತ ಹಚ್ಚಿದವನು ಬೆಳೆ ಬಂದರೂ ಸೈ, ಬರದಿದ್ದರೂ ಸೈ ಅಂತ ಇರೋಕೆ ಆಗುತ್ತಾ?"

ಕೇಳಿದವನು ಮಾನ್ವಿ ಕಡೆಯ ತಮ್ಮ. ಅವನ ಹೊಲ ಇರೋದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ. ಮುನಿರಾಬಾದಿನ ತುಂಗಭದ್ರಾ ಡ್ಯಾಮಿನಲ್ಲಿ ಬಿಟ್ಟ ನೀರು ಅವನ ಗದ್ದೆಗೆ ಬರುತ್ತೋ ಇಲ್ಲವೋ ಅನ್ನೋದು ಪ್ರತಿ ವರ್ಷದ ಚಿಂತೆ.

ಆಗಲ್ಲ ತಮ್ಮಾ. ಗೀತೆ ಹಾಗಂತ ಹೇಳೂ ಇಲ್ಲ.

ಎರಡನೇ ಅಧ್ಯಾಯದ 47ನೇ ಶ್ಲೋಕದಲ್ಲಿ ನಾಲ್ಕು ಮಾತಿವೆ. ನಾವು ಮೊದಲೆರಡು ಹೇಳಿ ನಿಲ್ಲಿಸಿಬಿಡ್ತೀವಿ: ಕೆಲಸದಲ್ಲಿ ನಿನಗೆ ಅಧಿಕಾರ, ಫಲದಲ್ಲಿ ಇಲ್ಲ. ಮೂರನೆಯದಕ್ಕೆ ಫಲಕ್ಕಾಗಿಯೇ ಕೆಲಸ ಮಾಡುವವನಾಗಬೇಡ ಅಂತ ಕೆಲವರು, ಫಲಕ್ಕೆ ನಾನೇ ಕಾರಣ ಅಂದುಕೊಳ್ಳಬೇಡ ಅಂತ ಇನ್ನು ಕೆಲವರು ಅರ್ಥ ಹೇಳ್ತಾರೆ. ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು: ಏನೂ ಮಾಡದೆ ಕೂರೋದಕ್ಕೂ ಅಂಟಿಕೊಳ್ಳಬೇಡ. ಇದನ್ನು ಬಿಟ್ಟು ಓದಿದ್ದಕ್ಕೇ ಶ್ಲೋಕ ಸೋಮಾರಿಗಳ ಮಾತಿನ ಹಾಗೆ ಕೇಳಿಸುತ್ತದೆ.

ಇಲ್ಲಿ ಅಧಿಕಾರ ಅಂದರೆ ಸಾಹೇಬರ ಅಧಿಕಾರ ಅಲ್ಲ. ನಿನ್ನ ಕೈ ಎಲ್ಲಿವರೆಗೆ ಹೋಗುತ್ತದೋ ಅಲ್ಲಿವರೆಗೆ. ಯಾವ ಕೆಲಸ ಕೈಗೂಡೋಕೂ ಐದು ಕೂಡಿಬರಬೇಕು ಅಂತ 18ನೇ ಅಧ್ಯಾಯದಲ್ಲಿ ಬಿಡಿಸಿ ಹೇಳಿದೆ: ಕೆಲಸ ನಡೆಯುವ ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ಐದನೆಯದು ದೈವ. ಐದರಲ್ಲಿ ನೀನು ಒಬ್ಬ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ವಾ? ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಕಣ್ಣೆದುರೇ ಹೊಳೆಗೆ ಹೋಗ್ತಿತ್ತು. ನಾಟಿ ಮಾಡಿದ ಯಾವ ರೈತನ ತಪ್ಪೂ ಅದರಲ್ಲಿ ಇರಲಿಲ್ಲ. ಆಮೇಲೆ ಕೆಲಸಕ್ಕೆ ನಿಂತವರು ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ, ವಾರದ ಹೊತ್ತಿಗೆ ನೀರು ನಿಲ್ಲಿಸಿದರು. ನೀರು ನಿಲ್ಲಲಿ ಅನ್ನೋ ಆಸೆ ಅವರಿಗೆ ಇರಲಿಲ್ವಾ? ಇದ್ದೇ ಇತ್ತು. ಆದರೆ ಕ್ರೇನಿನಿಂದ ಗೇಟಿನ ತುಂಡು ಇಳಿಸೋ ಹೊತ್ತಿನಲ್ಲಿ, ನಿಲ್ಲದಿದ್ದರೆ ಏನು ಗತಿ ಅಂತಲೇ ಯೋಚಿಸ್ತಾ ನಿಂತವನ ಕೈ ನಡುಗುತ್ತದೆ. ಬಿಡಬೇಕಾಗಿರೋದು ಆ ನಡುಕವನ್ನು, ಗುರಿಯನ್ನಲ್ಲ.

ನಮ್ಮಪ್ಪ ಸಸಿಮಡಿಗೆ ಬೀಜ ಹಾಕೋ ಮುಂಚೆ ಬಕೆಟ್ ನೀರಿಗೆ ಉಪ್ಪು ಕಲಸ್ತಿದ್ದರು, ಕೋಳಿಮೊಟ್ಟೆ ಬಿಟ್ಟರೆ ತೇಲೋವರೆಗೆ. ಆಮೇಲೆ ಭತ್ತ ಸುರಿದು, ಮೇಲೆ ಬಂದ ಜೊಳ್ಳನ್ನು ಅಂಗೈಯಲ್ಲಿ ಬಳಿದು ತೆಗೆದು, ಮುಳುಗಿದ ಕಾಳನ್ನು ಮೂರು ಸಲ ಒಳ್ಳೇ ನೀರಲ್ಲಿ ತೊಳೀತಿದ್ದರು. ಎರಡು ಸಲ ಸಾಕಲ್ಲ ಅಂದರೆ ಉತ್ತರವೇ ಇಲ್ಲ. ಒಂದು ವರ್ಷ ಕೊನೆಭಾಗಕ್ಕೆ ನೀರು ಬರದೆ ತೆನೆ ಕಟ್ಟೋ ಹೊತ್ತಿಗೆ ಗದ್ದೆ ಬಿರುಕು ಬಿಟ್ಟಿತು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದುಃಖ ಪಡಬಾರದು ಅಂತ ಅವರಿಗೆ ಯಾರೂ ಹೇಳಲಿಲ್ಲ, ನಾನೂ ನಿನಗೆ ಹೇಳಲ್ಲ. ಆದರೆ ಮುಂದಿನ ಮುಂಗಾರಿಗೂ ಅವರು ಕಾಳನ್ನು ಮೂರು ಸಲವೇ ತೊಳೆದರು.

ಇನ್ನೊಂದು ಮಾತು, ಇದನ್ನು ಜನ ತಪ್ಪು ತಿಳಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಫಲದ ಹಂಬಲ ಬಿಡು ಅಂದರೆ ಹಕ್ಕು ಬಿಡು ಅಂತ ಅಲ್ಲ. ಮೇಲ್ಭಾಗದಲ್ಲಿ ನೀರು ಕದ್ದರೆ ಸುಮ್ನೆ ಕೂರು ಅಂತಲೂ ಅಲ್ಲ. ಈ ಸಲ ಬೆಳೆ ವಿಮೆ ಕಟ್ಟು. ನೀರು ಬಿಡೋದು ಎಲ್ಲಿವರೆಗೆ ಅಂತ ಮೊದಲೇ ಕೇಳಿಕೋ, ಭರವಸೆ ಇಲ್ಲದಿದ್ದರೆ ಭತ್ತ ಬಿಟ್ಟು ಜೋಳ ಹಾಕು. ನಿಮ್ಮೂರಿನವರು ಕಾಲುವೆ ನೀರಿಗಾಗಿ ಅರ್ಜಿ ಹಿಡಿದು ಹೊರಟರೆ ನೀನೂ ಹೋಗು. ಅದೂ ನಿನ್ನ ಪಾಲಿನ ಕೆಲಸವೇ ತಮ್ಮಾ.