ಕರಾರು ಪತ್ರ ಕುತ್ತಿಗೆ ಸರ ಆದ ಕಥೆ

ಅರಬಿಯಲ್ಲಿ ಮೂರೇ ಅಕ್ಷರ: ಐನ್, ಕಾಫ್, ದಾಲ್. ‘ಅಕ್ದ್’ ಎಂದು ಓದಿದರೆ ಕರಾರು. ‘ಇಕ್ದ್’ ಎಂದು ಓದಿದರೆ ಕುತ್ತಿಗೆಗೆ ಹಾಕುವ ಸರ. ಅರಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಹಾಗಾಗಿ ಕಾಗದದ ಮೇಲೆ ಎರಡೂ ಒಂದೇ. ಫಿಲಿಪ್ಪೀನ್ಸಿನ ನರ್ಸ್ ಒಬ್ಬರು ತಮ್ಮ ಕೆಲಸದ ಕರಾರಿನ ತಲೆಬರಹಕ್ಕೆ ಮಾತ್ರ ಫೋನಿನ ಅನುವಾದ ಆಪ್‌ನ ಕ್ಯಾಮೆರಾ ಹಿಡಿದಿದ್ದರು. ಫಿಲಿಪಿನೊದಲ್ಲಿ ಬಂದ ಉತ್ತರ ‘ಕುವಿಂತಾಸ್’. ಅಂದರೆ ನೆಕ್ಲೇಸ್. ಸಂಬಳದ ಜೊತೆ ಚಿನ್ನವನ್ನೂ ಕೊಡ್ತಾರಾ ಅಂತ ಅವರು ನನ್ನನ್ನು ನಗುತ್ತಲೇ ಕೇಳಿದರು.

ನಾನು ಅರಬಿ ದಾಖಲೆಗಳ ಅನುವಾದಕ. ಹಲವು ವರ್ಷ ಸೌದಿಯ ದಮ್ಮಾಮ್‌ನಲ್ಲಿದ್ದೆ. ಫಿಲಿಪಿನೊ ಕಲಿತದ್ದು ಅಲ್ಲೇ, ಪಕ್ಕದ ಮೇಜಿನವರಿಂದ. ಈಗ ಮಂಗಳೂರಿನಲ್ಲಿ ಕೂತು ಯಂತ್ರ ಮಾಡಿದ ಅನುವಾದ ತಿದ್ದುತ್ತೇನೆ. ಹೊರದೇಶದಲ್ಲಿ ದುಡಿಯುವ ಫಿಲಿಪ್ಪೀನ್ಸಿನವರಲ್ಲಿ ಅತಿ ಹೆಚ್ಚು ಮಂದಿ ಇರುವುದು ಸೌದಿಯಲ್ಲಿ. ಅಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ಕರಾರು ಎರಡು ಭಾಷೆಯಲ್ಲಿದ್ದರೆ ಅರಬಿಯಲ್ಲಿ ಬರೆದದ್ದೇ ಅಂತಿಮ. ಹಾಗಾಗಿ ಇದು ಬರೀ ನಗುವ ವಿಷಯ ಅಲ್ಲ.

ತಮಾಷೆ ಎಂದರೆ, ಅರಬಿ ಮತ್ತು ಫಿಲಿಪಿನೊ ನಾವಂದುಕೊಂಡಷ್ಟು ದೂರ ಇಲ್ಲ. ಮನೆತನ ಬೇರೆ, ಲಿಪಿ ಬೇರೆ, ಬರೆಯುವ ದಿಕ್ಕೂ ಬೇರೆ, ಸರಿ. ಆದರೆ ಎರಡರಲ್ಲೂ ಕ್ರಿಯಾಪದ ವಾಕ್ಯದ ಮೊದಲಿಗೇ ಬಂದು ಕೂರಬಲ್ಲದು. ‘ನಾನು ಡಾಕ್ಟರ್’ ಎನ್ನಲು ಕನ್ನಡದ ಹಾಗೇ ಎರಡೇ ಪದ ಸಾಕು: ಅರಬಿಯಲ್ಲಿ ‘ಅನಾ ತಬೀಬ್’, ಫಿಲಿಪಿನೊದಲ್ಲಿ ‘ಡೊಕ್ತೊರ್ ಅಕೊ’. ತೊಂದರೆ ಇರುವುದು ದಾರಿಯಲ್ಲಿ. ಯಂತ್ರ ಕಲಿಯುವುದು ಒಂದೇ ಮಾತನ್ನು ಎರಡು ಭಾಷೆಯಲ್ಲಿ ಜೋಡಿಸಿಟ್ಟ ಬರಹದಿಂದ, ಇವೆರಡರ ನಡುವೆ ಅಂಥ ಬರಹ ಕಡಿಮೆ. ಅದಕ್ಕೇ ಆಪ್‌ಗಳು ಒಂದೋ ಮಧ್ಯೆ ಇಂಗ್ಲಿಷಿಗೆ ಹೋಗಿ ಬರುತ್ತವೆ, ಇಲ್ಲವೇ ಇಂಗ್ಲಿಷ್ ಜೊತೆ ಕಲಿತದ್ದನ್ನೇ ಇಲ್ಲೂ ಓಡಿಸುತ್ತವೆ. ಉಡುಪಿಯಿಂದ ಕುಂದಾಪುರಕ್ಕೆ ಬೆಂಗಳೂರು ಸುತ್ತಿ ಹೋದ ಹಾಗೆ. ಸಾಮಾನು ಕಳೆದುಹೋಗುವುದು ಬೆಂಗಳೂರಿನಲ್ಲೇ.

ನಾನು ತಿದ್ದಿದ ಒಂದು ದೂರಿನ ವಾಕ್ಯ ನೋಡಿ. ಮನೆಗೆಲಸದ ಹೆಂಗಸು ಬರೆದಿದ್ದರು: ‘ಹಿಂದಿ ಅಕೊ ಪಿನಾಕಾಯಿನ್’. ಇಲ್ಲಿ ‘ಹಿಂದಿ’ ಅಂದರೆ ‘ಇಲ್ಲ’. (ಇದನ್ನು ಹೇಳಿದಾಗಲೆಲ್ಲ ನಮ್ಮವರು ಬಿದ್ದು ಬಿದ್ದು ನಗುತ್ತಾರೆ.) ‘ಕುಮಾಯಿನ್’ ಎಂದರೆ ತಿನ್ನುವುದು, ‘ಪಿನಾಕಾಯಿನ್’ ಎಂದರೆ ತಿನ್ನಿಸಿದ್ದು. ಅಂದರೆ ಆಕೆ ಹೇಳಿದ್ದು ‘ನನಗೆ ಊಟ ಕೊಡಲಿಲ್ಲ’ ಎಂದು. ಅರಬಿಯಲ್ಲಿ ಬಂದದ್ದು ‘ಲಮ್ ಆಕುಲ್’: ನಾನು ಊಟ ಮಾಡಲಿಲ್ಲ. ಹಸಿವಿರಲಿಲ್ಲವೋ, ಉಪವಾಸವೋ, ಯಾರಿಗೆ ಗೊತ್ತು? ತಪ್ಪು ಮಾಡಿದವರೇ ವಾಕ್ಯದಿಂದ ಮಾಯ. ನಾನು ‘ಲಮ್ ಯುತ್‌ಇಮೂನಿ’ ಎಂದು ತಿದ್ದಿದೆ, ಅವರು ನನಗೆ ಉಣಿಸಲಿಲ್ಲ ಎಂದು.

ಗಮನಿಸಿ, ಅರಬಿಗೆ ಇದು ಕಷ್ಟವೇ ಅಲ್ಲ. ತಿನ್ನು–ತಿನ್ನಿಸು, ಉಣ್ಣು–ಉಣಿಸು ಎಂದು ನಾವು ಕ್ರಿಯಾಪದದೊಳಗೇ ಮಾಡುವ ಕೆಲಸವನ್ನು ಅರಬಿಯೂ ಮಾಡುತ್ತದೆ, ಫಿಲಿಪಿನೊ ಇನ್ನೂ ಜಾಸ್ತಿ ಮಾಡುತ್ತದೆ. ದೂರು, ಪೊಲೀಸ್ ಹೇಳಿಕೆ, ಆಸ್ಪತ್ರೆ ಇಂಥ ಕಡೆ ಫಿಲಿಪಿನೊ ಕ್ರಿಯಾಪದದ ಮುಂದೆ ‘ಪಿನಾ’ ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ. ಯಾರು ಮಾಡಿಸಿದರು ಎಂಬುದು ಆಚೆ ದಡ ಸೇರಿದೆಯಾ ನೋಡಿಯೇ ಮುಂದಿನ ಸಾಲು.

ಇನ್ನೊಂದು ದೊಡ್ಡ ಗುಂಡಿ ‘ಸಿಯಾ’. ಫಿಲಿಪಿನೊದಲ್ಲಿ ಅವನು, ಅವಳು ಎರಡಕ್ಕೂ ಇದೊಂದೇ ಪದ. ಅರಬಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ‘ನೀನು’ ಎನ್ನಲೂ ಗಂಡಸಿಗೆ ‘ಅಂತ’, ಹೆಂಗಸಿಗೆ ‘ಅಂತಿ’. ‘ಮೇ ಲಗ್ನಾತ್ ಸಿಯಾ’ ಎಂದರೆ ಜ್ವರ ಇದೆ ಎಂದಷ್ಟೇ, ಯಾರಿಗೆ ಎಂದಿಲ್ಲ. ಯಂತ್ರ ಹೆಚ್ಚಾಗಿ ಗಂಡು ಎಂದೇ ಹಿಡಿಯುತ್ತದೆ. ಆಯಾ ಹೇಳಿದ್ದು ಮನೆಯ ಹೆಣ್ಣುಮಗುವಿನ ಬಗ್ಗೆ, ಡಾಕ್ಟರ್ ಫೋನಿನಲ್ಲಿ ಓದಿದ್ದು ಹುಡುಗನ ಬಗ್ಗೆ. ಅದಕ್ಕೆ ನಾನು ಎಲ್ಲರಿಗೂ ಹೇಳುವುದು: ಟೈಪ್ ಮಾಡುವಾಗ ‘ಸಿಯಾ’ ಬಿಡಿ, ಹೆಸರು ಹಾಕಿ. ಹೆಸರು ಬೇಡ ಅಂದ್ರೆ ‘ಬತಾಂಗ್ ಬಬಾಯೆ’, ಹೆಣ್ಣುಮಗು, ಅಂತಲಾದರೂ ಬರೆಯಿರಿ.

ತುಳುವರಿಗೆ ಬೇಗ ಅರ್ಥವಾಗುವ ಗುಂಡಿ ಇನ್ನೊಂದಿದೆ. ತುಳುವಿನಲ್ಲಿ ‘ನಮ’ ಬೇರೆ, ‘ಎಂಕುಲು’ ಬೇರೆ ಅಲ್ವಾ? ಕೇಳುವವರೂ ಸೇರಿದರೆ ನಮ, ಅವರನ್ನು ಬಿಟ್ಟರೆ ಎಂಕುಲು. ಫಿಲಿಪಿನೊದಲ್ಲೂ ಹಾಗೇ, ‘ತಾಯೊ’ ಮತ್ತು ‘ಕಾಮಿ’. ಅರಬಿಯಲ್ಲಿ ಮಾತ್ರ ಕನ್ನಡದ ‘ನಾವು’ ಥರ ಒಂದೇ ‘ನಹ್ನು’. ನಾಳೆ ನಾವು ಜೆದ್ದಾಕ್ಕೆ ಹೋಗುತ್ತೇವೆ ಎಂದು ಮನೆಯ ಯಜಮಾನಿ ಅರಬಿಯಲ್ಲಿ ಮೆಸೇಜ್ ಹಾಕಿದರೆ, ಕೆಲಸದವಳು ಬ್ಯಾಗ್ ತುಂಬಬೇಕೋ ಮನೆ ಕಾಯಬೇಕೋ? ಯಂತ್ರ ಏನೋ ಒಂದನ್ನು ಆರಿಸಿ ಕೊಟ್ಟುಬಿಡುತ್ತದೆ. ಅದು ಊಹೆ ಎಂದು ತೆರೆಯ ಮೇಲೆ ಎಲ್ಲೂ ಕಾಣುವುದಿಲ್ಲ.

‘ನಾಳೆ’ ಪದದಲ್ಲೂ ಒಂದು ಎಡವಟ್ಟಿದೆ. ‘ಬುಕಾಸ್’ ಎನ್ನುವಾಗ ಮೊದಲ ಭಾಗ ಒತ್ತಿದರೆ ನಾಳೆ, ಕೊನೆಯ ಭಾಗ ಒತ್ತಿದರೆ ‘ತೆರೆದಿದೆ’. ಆ ಒತ್ತನ್ನು ಯಾರೂ ಬರೆಯುವುದಿಲ್ಲ. ಅರಬಿಯ ಸ್ವರಗಳ ಕಥೆಯೇ ಇಲ್ಲೂ.

ಅಂಕಿಗಳ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಸೌದಿಯಲ್ಲಿ ಕೈಬರಹದ ಚೀಟಿಯಲ್ಲಿ ಕಾಣುವ ಅರಬಿ ಅಂಕಿಗಳಲ್ಲಿ 5 ನಮ್ಮ ಸೊನ್ನೆಯ ಹಾಗಿರುತ್ತದೆ. ಸೊನ್ನೆ ಬರೀ ಒಂದು ಚುಕ್ಕೆ. 6 ನೋಡಲು ನಮಗೆ ಗೊತ್ತಿರುವ 7ರ ಹಾಗೆ. ಔಷಧಿ ಚೀಟಿಯ ಫೋಟೋ ಮಸುಕಾಗಿದ್ದರೆ ಕ್ಯಾಮೆರಾ ಅನುವಾದ ಚುಕ್ಕೆಯನ್ನು ನುಂಗಿಬಿಡಬಹುದು. 50 ಹೋಗಿ 5 ಆಗುತ್ತದೆ. ಔಷಧಿಯ ಪ್ರಮಾಣವನ್ನು ಫಾರ್ಮಸಿಯವರ ಹತ್ತಿರ ಬಾಯಿಬಿಟ್ಟು ಕೇಳಿ, ಬೆರಳು ಎಣಿಸಿ ತೋರಿಸಿಯಾದರೂ ಸರಿ.

ಅರಬಿ ಪದಗಳು ಫಿಲಿಪ್ಪೀನ್ಸಿಗೆ ಹೊಸದೇನಲ್ಲ. ಥ್ಯಾಂಕ್ಸ್ ಹೇಳುವ ‘ಸಲಾಮತ್’ ಅರಬಿಯಿಂದಲೇ ಬಂದದ್ದು. ನ್ಯಾಯಾಧೀಶರಿಗೆ ಹೇಳುವ ‘ಹುಕೊಮ್’ ನಮ್ಮ ಹುಕುಂನ ನೆಂಟ. ನನಗೆ ಜಾಸ್ತಿ ಇಷ್ಟ ‘ಅಸುಕಾಲ್’. ಸಂಸ್ಕೃತದ ಶರ್ಕರ ಪರ್ಷಿಯನ್ ದಾಟಿ ಅರಬಿಯಲ್ಲಿ ಸುಕ್ಕರ್ ಆಯಿತು, ಸ್ಪ್ಯಾನಿಷ್ ಹಡಗು ಹತ್ತಿ ಮನಿಲಾದಲ್ಲಿ ಅಸುಕಾಲ್ ಆಯಿತು. ನಮ್ಮ ಡಬ್ಬಿಯ ಸಕ್ಕರೆಯೂ ಅದೇ ಬುಡದ್ದು. ಫಿಲಿಪ್ಪೀನ್ಸಿನ 1987ರ ಸಂವಿಧಾನದಲ್ಲಿ ಸ್ಪ್ಯಾನಿಷ್ ಜೊತೆ ಅರಬಿಯ ಹೆಸರೂ ಇದೆ, ಇಷ್ಟವಿದ್ದವರು ಕಲಿಯಲು ಪ್ರೋತ್ಸಾಹ ಕೊಡಬೇಕೆಂದು.

ಆದರೆ ಪದಗಳ ಈ ನೆಂಟಸ್ತನ ನಂಬಿ ಹೋದರೆ ಕೆಡುತ್ತೀರಿ. ಫಿಲಿಪಿನೊದಲ್ಲಿ ‘ಮಹಾಲ್’ ಎಂದರೆ ಪ್ರೀತಿಯೂ ಹೌದು, ತುಟ್ಟಿಯೂ ಹೌದು. ಅರಬಿಯಲ್ಲಿ ‘ಮಹಲ್’ ಎಂದರೆ ಅಂಗಡಿ. ಇನ್ನು ಆಪ್ ಕೊಡುವ ಅರಬಿ ಪುಸ್ತಕದ ಅರಬಿ, ಮನೆಯಲ್ಲಿ ಆಡುವುದು ಖಲೀಜಿ, ಅಂದರೆ ಗಲ್ಫಿನ ಆಡುಮಾತು. ‘ಬೇಕು’ ಎನ್ನಲು ಆಪ್ ‘ಉರೀದು’ ಎನ್ನುತ್ತದೆ, ಮನೆಯಲ್ಲಿ ‘ಅಬ್ಗಾ’ ಎನ್ನುತ್ತಾರೆ. ಅರ್ಥವಾಗುತ್ತದೆ, ಆದರೆ ಮೀನು ಮಾರ್ಕೆಟ್ಟಿನಲ್ಲಿ ಹಳಗನ್ನಡ ಮಾತಾಡಿದ ಹಾಗೆ.

ದಮ್ಮಾಮ್ ಆಫೀಸಿನಲ್ಲಿ ಫಿಲಿಪಿನೊ ಗೆಳೆಯರು ಡಬ್ಬಿ ತೆರೆದ ಕೂಡಲೇ, ಯಾರೇ ಹಾದುಹೋಗಲಿ, ‘ಕಾಯಿನ್ ತಾಯೊ!’ ಅನ್ನುತ್ತಿದ್ದರು. ಬನ್ನಿ ಊಟ ಮಾಡೋಣ. ಒಬ್ಬ ಹುಡುಗ ಇದನ್ನು ಆಪ್‌ನಲ್ಲಿ ತಿರುಗಿಸಿ ನಮ್ಮ ಸೌದಿ ಮ್ಯಾನೇಜರ್‌ಗೆ ತೋರಿಸಿದ. ‘ನಹ್ನು ನಾಕುಲ್’ ಎಂದಿತ್ತು, ಅಂದರೆ ನಾವು ಊಟ ಮಾಡುತ್ತಿದ್ದೇವೆ. ಅವರು ಪಾಪ, ತೊಂದರೆ ಕೊಟ್ಟೆ ಅಂದುಕೊಂಡು ಸಾರಿ ಹೇಳಿ ಬಾಗಿಲು ಎಳೆದುಕೊಂಡು ಹೋದರು. ನಾನು ಹುಡುಗನ ಫೋನ್ ತೆಗೆದುಕೊಂಡು ಒಂದೇ ಪದ ಟೈಪ್ ಮಾಡಿಕೊಟ್ಟೆ, ಅನ್ನದ ಮುಂದೆ ಕೂತ ಅರಬರು ಬಂದವರಿಗೆ ಹೇಳುವ ಪದ: ‘ತಫದ್ದಲ್’. ಅದರಲ್ಲಿ ‘ನಾವು’ ಇಲ್ಲ, ‘ಊಟ’ವೂ ಇಲ್ಲ. ಮ್ಯಾನೇಜರ್ ವಾಪಸ್ ಬಂದು ಕುರ್ಚಿ ಎಳೆದುಕೊಂಡರು.