ಡಿಸೆಬಿಲಿಟಿ ಪೆನ್ಷನ್: ಮೇಲ್ಮನವಿಗೆ ಮೊದಲು ಮೆಡಿಕಲ್ ಬೋರ್ಡ್ ವರದಿ ಓದಿ

ಸೇವೆಯಿಂದಾದ ಕಾಯಿಲೆ ಅಥವಾ ಅಂಗವೈಕಲ್ಯಕ್ಕೆ ಸೈನಿಕರಿಗೆ ಸಿಗುವ ಡಿಸೆಬಿಲಿಟಿ ಪೆನ್ಷನ್ ತಿರಸ್ಕಾರವಾದ ಪತ್ರ ಕೈಗೆ ಬಂದರೆ ಮಾಜಿ ಸೈನಿಕರು ಸಾಮಾನ್ಯವಾಗಿ ಆ ಪತ್ರಕ್ಕೇ ಉತ್ತರ ಬರೆದುಬಿಡುತ್ತಾರೆ. ಹದಿನೇಳು ವರ್ಷ ಸೇವೆ ಮಾಡಿದ್ದು, ಈಗಿನ ಕಷ್ಟ, ಮಕ್ಕಳ ಓದು. ಎಲ್ಲವೂ ನಿಜ, ಆದರೆ ಮೇಲ್ಮನವಿ ನಿಲ್ಲುವುದು ಅದರ ಮೇಲಲ್ಲ.

ಮೊದಲು ರಿಲೀಸ್ ಮೆಡಿಕಲ್ ಬೋರ್ಡ್, ಅಂದರೆ ಸೇವೆಯಿಂದ ಬಿಡುಗಡೆಯಾಗುವಾಗ ತಪಾಸಣೆ ಮಾಡಿದ ವೈದ್ಯರ ಮಂಡಳಿಯ ವರದಿಯ ಪ್ರತಿ ಬೇಕು. ನಿಮ್ಮ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಬರೆಯಿರಿ. ಕೊಡದಿದ್ದರೆ ಆರ್‌ಟಿಐ ಹಾಕಿ. ಅದರಲ್ಲಿ ಎರಡು ಸಂಗತಿ ನೋಡಬೇಕು: ಕಾಯಿಲೆ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬುದು ಒಂದು, ವೈಕಲ್ಯದ ಶೇಕಡಾವಾರು ಎಷ್ಟು ಎಂಬುದು ಇನ್ನೊಂದು. ಸೇವಾವಧಿ ಮುಗಿಸಿ ಬಂದವರಿಗೆ ಶೇ. 20ಕ್ಕಿಂತ ಕಡಿಮೆಯಿದ್ದರೆ ವಾದವೇ ಬೇರೆ, ಅಲ್ಲಿ ಪ್ರಮಾಣವನ್ನೇ ಪ್ರಶ್ನಿಸಬೇಕು.

ಹೆಚ್ಚು ಕಾಣುವುದು ಇಂಥದ್ದು: ರಕ್ತದೊತ್ತಡ, ಶೇ. 30, ಜೀವನಪರ್ಯಂತ. ಸೇವೆಯಿಂದ ಬಂದದ್ದೇ, ಉಲ್ಬಣಿಸಿದ್ದೇ ಎಂಬ ಪಕ್ಕದ ಎರಡೂ ಕಲಂಗಳಲ್ಲಿ 'ಇಲ್ಲ'. ಕಾರಣದ ಜಾಗದಲ್ಲಿ 'ಶಾಂತಿ ನೆಲೆಯಲ್ಲಿ ಶುರುವಾಗಿದೆ' (ಅಂದರೆ ಯುದ್ಧ ಅಥವಾ ಕಾರ್ಯಾಚರಣೆಯ ಪ್ರದೇಶವಲ್ಲದ ಕಡೆ) ಎಂಬ ಒಂದೇ ಸಾಲು. ಆ ಸಾಲೇ ನಿಮ್ಮ ಆಧಾರ. ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಭರ್ತಿಯಾಗುವಾಗಿನ ದಾಖಲೆಯಲ್ಲಿ ಆ ಕಾಯಿಲೆ ಬರೆದಿಲ್ಲವೆಂದರೆ ಅದು ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಇಲಾಖೆಯದು, ಬೋರ್ಡ್ ಕಾರಣ ಕೊಡಲೇಬೇಕು. ಹಾಗಾಗಿ ಭರ್ತಿಯ ವೈದ್ಯಕೀಯ ದಾಖಲೆ, ಪೋಸ್ಟಿಂಗ್ ಪಟ್ಟಿ, ಕಾಯಿಲೆ ಮೊದಲು ಪತ್ತೆಯಾದ ದಿನದ ಆಸ್ಪತ್ರೆ ಚೀಟಿ, ಈ ಮೂರನ್ನೂ ಲಗತ್ತಿಸಿ. ಪತ್ತೆಯಾದದ್ದು ಶಾಂತಿ ನೆಲೆಯಲ್ಲೇ ಇರಬಹುದು, ಅದರ ಹಿಂದಿನ ಎರಡು ವರ್ಷ ಎಲ್ಲಿದ್ದಿರಿ ಎಂಬುದನ್ನು ದಿನಾಂಕ ಸಮೇತ ಬರೆಯಿರಿ. 2023ರ ಸೆಪ್ಟೆಂಬರ್ ನಂತರ ಬಿಡುಗಡೆಯಾದವರು ಹೊಸ ಅರ್ಹತಾ ನಿಯಮಗಳನ್ನು ಓದಿಕೊಂಡೇ ವಾದ ಕಟ್ಟಬೇಕು.

ಮೊದಲ ಮೇಲ್ಮನವಿಗೆ ಆರು ತಿಂಗಳು. ಅದೂ ತಿರಸ್ಕಾರವಾದರೆ ಎರಡನೆಯದಕ್ಕೂ ಆರು ತಿಂಗಳು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತಡವಾಗಿದ್ದರೆ ಕೈಬಿಡಬೇಡಿ, ವಿಳಂಬ ಮನ್ನಿಸುವ ಅರ್ಜಿಯನ್ನು ಜೊತೆಗೇ ಕೊಡಿ. ಆದರೆ ತಡಮಾಡಿದ ಪ್ರತಿ ವರ್ಷ ಕೈಯಿಂದ ಹೋಗುವ ದುಡ್ಡು: ಗೆದ್ದರೂ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷದ್ದಷ್ಟೇ ಸಿಗುತ್ತದೆ.

ಕೋರಿಕೆಯ ಕೊನೆಯಲ್ಲಿ ಬಹಳ ಜನ ಮರೆಯುವ ಒಂದು ಸಾಲಿದೆ, ರೌಂಡಿಂಗ್ ಆಫ್, ಅಂದರೆ ವೈಕಲ್ಯದ ಪ್ರಮಾಣವನ್ನು ಮೇಲಿನ ನಿಗದಿತ ಹಂತಕ್ಕೆ ಏರಿಸಿ ಪೆನ್ಷನ್ ಲೆಕ್ಕ ಹಾಕುವುದು. ಶೇ. 30 ಇದ್ದದ್ದು 50 ಆಗುತ್ತದೆ. ಸೇವಾವಧಿ ಮುಗಿಸಿ ಬಂದವರಿಗೂ ಇದು ಸಲ್ಲಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ 2014ರಲ್ಲೇ ತೀರ್ಪಾಗಿದೆ. ಅದನ್ನು ಬಾಯಿಬಿಟ್ಟು ಕೇಳಿ.