ಸೇಂಟ್ ಆಂಡ್ರ್ಯೂಸ್ ಓಲ್ಡ್ ಕೋರ್ಸಿನಲ್ಲಿ ನಮ್ಮಂಥವರು ಆಡಬಹುದಾ?

ಪ್ರಶ್ನೆ: ಬೆಂಗಳೂರಿನಲ್ಲಿ ವಾರಕ್ಕೊಮ್ಮೆ ಗಾಲ್ಫ್ ಆಡುತ್ತೇನೆ. ಹ್ಯಾಂಡಿಕ್ಯಾಪ್, ಅಂದರೆ ನಿಗದಿತ ಹೊಡೆತಕ್ಕಿಂತ ಎಷ್ಟು ಹೆಚ್ಚು ಬೇಕಾಗುತ್ತದೆ ಅನ್ನುವ ಲೆಕ್ಕ, 20ರ ಆಸುಪಾಸು. ಬೇಸಿಗೆಯಲ್ಲಿ ಸ್ಕಾಟ್ಲೆಂಡಿಗೆ ಹೋಗುವ ಯೋಚನೆ ಇದೆ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸಿನಲ್ಲಿ ಒಂದು ಸುತ್ತು ಆಡಬೇಕು ಅಂತ ಬಹಳ ದಿನದ ಆಸೆ. ಅಲ್ಲಿ ಹೊರಗಿನವರನ್ನು ಬಿಡುತ್ತಾರಾ? ಬಿಟ್ಟರೆ, ನನ್ನಂಥ ಸಾಧಾರಣ ಆಟಗಾರ ಅಲ್ಲಿ ಹೇಗೆ ಆಡಬೇಕು?

ಉತ್ತರ: ಬಿಡುತ್ತಾರೆ. ಸದಸ್ಯರಾಗಬೇಕಿಲ್ಲ, ಯಾರ ಶಿಫಾರಸೂ ಬೇಡ. ಹ್ಯಾಂಡಿಕ್ಯಾಪಿನ ದಾಖಲೆ ಕೈಯಲ್ಲಿರಬೇಕು, ಗ್ರೀನ್ ಫೀ, ಅಂದರೆ ಆಟದ ಶುಲ್ಕ, ಕಟ್ಟಬೇಕು, ಚೀಟಿ ಎತ್ತುವಾಗ ನಿಮ್ಮ ಹೆಸರು ಬರಬೇಕು. ಅಷ್ಟೇ.

ಈ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತಲೇ ಇರುತ್ತದೆ. ಕಾರಣ ಗೊತ್ತೇ ಇದೆ. ನಮ್ಮಲ್ಲಿ ಗಾಲ್ಫ್ ಅಂದರೆ ಗೇಟು, ಕಾವಲುಗಾರ, ಸದಸ್ಯತ್ವದ ಕಾರ್ಡು. ಊರಿನ ಹೆಚ್ಚಿನವರು ಆ ಹುಲ್ಲನ್ನು ಕಾಂಪೌಂಡಿನ ಆಚೆಯಿಂದ ನೋಡಿರುತ್ತಾರೆ ಅಷ್ಟೇ. ಹೀಗಿರುವಾಗ, ಜಗತ್ತಿನ ಅತಿ ಹಳೆಯದು ಅನ್ನಿಸಿಕೊಂಡ, ಅತಿ ಹೆಸರುವಾಸಿ ಗಾಲ್ಫ್ ಕೋರ್ಸು ನಮಗೆಲ್ಲಿ ಸಿಕ್ಕೀತು ಅನ್ನಿಸುವುದು ಸಹಜ. ಟಿವಿಯಲ್ಲಿ ಮೊದಲ ಟೀ (ಹೊಡೆತ ಶುರುಮಾಡುವ ಜಾಗ) ಹಿಂದೆ ಕಾಣುವ ಆ ಗಂಭೀರ ಕಲ್ಲಿನ ಕಟ್ಟಡವೂ ಅದನ್ನೇ ಹೇಳುವಂತಿರುತ್ತದೆ. ಅದು ರಾಯಲ್ ಅಂಡ್ ಏನ್ಶಿಯಂಟ್ ಕ್ಲಬ್ಬಿನ ಮನೆ. 1754ರಲ್ಲಿ ಶುರುವಾದ ಕ್ಲಬ್ಬು. ಕಟ್ಟಡ ಮಾತ್ರ ಅವರದು, ಎದುರಿಗೆ ಹರಡಿಕೊಂಡಿರುವ ಕೋರ್ಸು ಅವರದಲ್ಲ. ಅದು ಊರಿನದು.

ಈ ಹಕ್ಕು ಸುಮ್ನೆ ಬಂದಿದ್ದಲ್ಲ. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಒಂದು ಪತ್ರ ಬರೆದುಕೊಟ್ಟರು. ಕಡಲಂಚಿನ ಈ ಬಯಲಿನಲ್ಲಿ ಮೊಲ ಸಾಕುವ ಹಕ್ಕು ತಮಗೆ, ಗಾಲ್ಫ್ ಮತ್ತು ಇತರ ಆಟ ಆಡುವ ಹಕ್ಕು ಊರಿನವರಿಗೆ ಅಂತ. 1797ರಲ್ಲಿ ಊರಿನ ಕೌನ್ಸಿಲ್ ಸಾಲದಲ್ಲಿ ಮುಳುಗಿ ಈ ಜಾಗವನ್ನು ಕೈಬಿಟ್ಟಿತು. ಮೊಲದ ವ್ಯಾಪಾರಿಗಳ ಕೈಗೆ ಹೋಯಿತು. ಎಲ್ಲಿ ನೋಡಿದರೂ ಬಿಲ. ಆಟಗಾರರಿಗೂ ವ್ಯಾಪಾರಿಗಳಿಗೂ ವರ್ಷಗಟ್ಟಲೆ ಜಗಳ, ಕೋರ್ಟು ಕಚೇರಿ. 1821ರಲ್ಲಿ ಜೇಮ್ಸ್ ಚೀಪ್ ಎಂಬ ಪಕ್ಕದ ಜಮೀನ್ದಾರ ಅದನ್ನು ಕೊಂಡು ಆಟ ಉಳಿಸಿದ. ಅವನೂ ಗಾಲ್ಫ್ ಆಡುತ್ತಿದ್ದವನೇ. ಕಡೆಗೆ 1894ರಲ್ಲಿ ಊರೇ ಅದನ್ನು ವಾಪಸ್ ಕೊಂಡುಕೊಂಡಿತು. 1974ರಿಂದ ಕಾಯ್ದೆಯ ಮೂಲಕ ರಚನೆಯಾದ ಸೇಂಟ್ ಆಂಡ್ರ್ಯೂಸ್ ಲಿಂಕ್ಸ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ನೀವು ದುಡ್ಡು ಕಟ್ಟುವುದೂ ಆ ಟ್ರಸ್ಟಿಗೇ.

ಊರಿನ ಜಾಗ ಅನ್ನುವುದು ಕಾಗದದ ಮೇಲಿನ ಮಾತಷ್ಟೇ ಅಂದುಕೊಳ್ಳಬೇಡಿ. ಮೊದಲ ಮತ್ತು ಹದಿನೆಂಟನೇ ಫೇರ್‌ವೇಗಳನ್ನು (ಟೀಯಿಂದ ಗುಳಿಯ ಕಡೆಗೆ ಹೋಗುವ ಹುಲ್ಲಿನ ಹಾದಿಗಳನ್ನು) ಅಡ್ಡಲಾಗಿ ದಾಟುವ ಒಂದು ರಸ್ತೆ ಇದೆ, ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಅಂತ. ಜನ ಅದರಲ್ಲೇ ಬೀಚಿಗೆ ಹೋಗುತ್ತಾರೆ. ಅವರು ದಾಟುವ ತನಕ ನೀವು ಕ್ಲಬ್ (ಗಾಲ್ಫ್ ಕೋಲು) ಹಿಡಿದು ಕಾಯಬೇಕು. ಭಾನುವಾರ ಬಂತೆಂದರೆ ಆಟವೇ ಇಲ್ಲ. ದೊಡ್ಡ ಟೂರ್ನಮೆಂಟುಗಳನ್ನು ಬಿಟ್ಟರೆ ಅವತ್ತು ಓಲ್ಡ್ ಕೋರ್ಸು ವಾಕಿಂಗ್ ಜಾಗ. ನಾಯಿ, ಮಕ್ಕಳು, ಅಜ್ಜಿ ತಾತ ಎಲ್ಲರೂ ಫೇರ್‌ವೇ ಮೇಲೆ. 2023ರಲ್ಲಿ ಕೋರ್ಸಿನಲ್ಲೇ ಇರುವ ಸ್ವಿಲ್ಕನ್ ಎಂಬ ಹಳೇ ಕಲ್ಲು ಸೇತುವೆಯ ಬುಡಕ್ಕೆ ಟ್ರಸ್ಟಿನವರು ಕಲ್ಲು ಹಾಸಿದರು. ಫೋಟೋ ತೆಗೆಸಿಕೊಳ್ಳುವವರ ಕಾಲ್ತುಳಿತಕ್ಕೆ ಅಲ್ಲಿ ಹುಲ್ಲು ಉಳಿಯುತ್ತಿರಲಿಲ್ಲ. ಆದರೆ ಹಳೇ ಸೇತುವೆಯ ಅಂದ ಕೆಟ್ಟಿತು ಅಂತ ಗಲಾಟೆ ಎದ್ದಿತು, ಕೆಲವೇ ದಿನದಲ್ಲಿ ಕಲ್ಲು ಕಿತ್ತರು. ನನಗೆ ಈ ಕೋರ್ಸಿನ ಮೇಲೆ ಪ್ರೀತಿ ಜಾಸ್ತಿಯಾಗಲು ಇಂಥ ಸಂಗತಿಗಳೇ ಕಾರಣ.

ಇನ್ನು ಟೀ ಟೈಮ್, ಅಂದರೆ ಆಟ ಶುರುಮಾಡುವ ಹೊತ್ತು, ಸಿಗುವ ದಾರಿ. ಮುಖ್ಯ ದಾರಿ ಬ್ಯಾಲಟ್, ಅಂದರೆ ಚೀಟಿ ಎತ್ತುವುದು. ಆಡಬೇಕಾದ ದಿನಕ್ಕೆ ಎರಡು ದಿನ ಮುಂಚೆ, ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು. ಗುರುವಾರ ಆಡಬೇಕಿದ್ದರೆ ಮಂಗಳವಾರ. ಕನಿಷ್ಠ ಇಬ್ಬರು, ಹೆಚ್ಚೆಂದರೆ ನಾಲ್ವರು ಒಂದು ಗುಂಪಿನಲ್ಲಿ. ಹೆಸರು ಕೊಡಲು ದುಡ್ಡಿಲ್ಲ. ಫಲಿತಾಂಶ ಅವತ್ತೇ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಒಬ್ಬರೇ ಹೋಗುವವರಿಗೆ ಬೇರೆ ವ್ಯವಸ್ಥೆ. ಮುಂಚೆ ಅವರು ಸ್ಟಾರ್ಟರ್ (ಸರದಿಯಂತೆ ಆಟಕ್ಕೆ ಬಿಡುವವರು) ಗೂಡಿನ ಮುಂದೆ ರಾತ್ರಿಯಿಡೀ ಚಳಿಯಲ್ಲಿ ಸಾಲು ನಿಲ್ಲುತ್ತಿದ್ದರು. 2024ರಿಂದ ಅದು ಹೋಗಿ, ಹಿಂದಿನ ದಿನವೇ ಅಲ್ಲಿಗೆ ಹೋಗಿ ಹೆಸರು ನೋಂದಾಯಿಸಿದರೆ ಅದಕ್ಕೂ ಚೀಟಿ ಎತ್ತುತ್ತಾರೆ. ಇಬ್ಬರೋ ಮೂವರೋ ಇರುವ ಗುಂಪಿಗೆ ನಿಮ್ಮನ್ನು ಸೇರಿಸುತ್ತಾರೆ. ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡುವ ದಾರಿಯೂ ಇದೆ, ಟೂರ್ ಕಂಪನಿಗಳ ಪ್ಯಾಕೇಜೂ ಇದೆ. ಪ್ಯಾಕೇಜು ಬಹಳ ದುಬಾರಿ.

ನನ್ನ ಸಲಹೆ ಕೇಳಿದರೆ, ಊರಲ್ಲಿ ನಾಲ್ಕೈದು ದಿನ ಉಳಿದು ದಿನಾ ಬ್ಯಾಲಟ್‌ಗೆ ಹೆಸರು ಹಾಕಿ. ಒಂದೇ ದಿನಕ್ಕೆ ಹೋಗಿ ಸಿಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಜೂನ್, ಜುಲೈ, ಆಗಸ್ಟಿನಲ್ಲಿ ಜನ ಜಾಸ್ತಿ. ಏಪ್ರಿಲ್ ಅಥವಾ ಅಕ್ಟೋಬರ್ ಆದರೆ ಅವಕಾಶವೂ ಸ್ವಲ್ಪ ಹೆಚ್ಚು, ಚಳಿಯೂ ಹೆಚ್ಚು. ಗ್ರೀನ್ ಫೀ ಕಡಿಮೆಯೇನಲ್ಲ. 2024ರ ಬೇಸಿಗೆಯಲ್ಲಿ 320 ಪೌಂಡ್ ಇತ್ತು, ವರ್ಷ ವರ್ಷ ಏರುತ್ತಿದೆ. ಊರಿನ ನಿವಾಸಿಗಳು ವರ್ಷದ ಟಿಕೆಟ್ ತೆಗೆದುಕೊಂಡು ಅದರ ಚೂರು ಭಾಗದಲ್ಲಿ ಆಡುತ್ತಾರೆ. ಹ್ಯಾಂಡಿಕ್ಯಾಪಿನ ದಾಖಲೆಯನ್ನು ನಿಮ್ಮ ಕ್ಲಬ್ಬಿನಿಂದ ಹೊರಡುವ ಮುಂಚೆಯೇ ಪಡೆಯಿರಿ. ನಿಮ್ಮ 20ಕ್ಕೆ ಯಾವ ತೊಂದರೆಯೂ ಇಲ್ಲ.

ಈಗ ಆಟದ ವಿಷಯಕ್ಕೆ ಬರೋಣ. ಇಲ್ಲೇ ನಮ್ಮವರು ಜಾಸ್ತಿ ಎಡವುವುದು.

ಲಿಂಕ್ಸ್ ಅಂದರೆ ಕಡಲಿಗೂ ಉಳುಮೆಯ ಹೊಲಕ್ಕೂ ನಡುವಿನ ಮರಳು ನೆಲ. ಬೆಳೆ ಬಾರದ ಜಾಗ, ಅದಕ್ಕೇ ಆಟಕ್ಕೂ ಕುರಿಗೂ ಬಿಟ್ಟಿದ್ದು. ಕಾರವಾರದ ಕಡೆಯ ಕಡಲ ದಂಡೆಯಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೇ ನೀರು ಇಂಗಿ ನೆಲ ಗಟ್ಟಿಯಾಗುತ್ತದಲ್ಲ, ಹಾಗೇ ಇದೂ. ಮೇಲೆ ಫೆಸ್ಕ್ಯೂ ಎಂಬ ಸಣ್ಣ ಎಳೆಯ ಹುಲ್ಲು, ನೆಲಕ್ಕೆ ಅಂಟಿದಂತೆ ಬೆಳೆಯುವಂಥದ್ದು. ಬೆಂಗಳೂರಿನಲ್ಲಿ ನಮಗೆ ಅಭ್ಯಾಸ ಆಗಿರುವುದು ದಪ್ಪ ಬರ್ಮುಡಾ ಹುಲ್ಲು, ನೀರುಣಿಸಿದ ಮೆತ್ತನೆ ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು). ಇಲ್ಲಿ ಚೆಂಡನ್ನು ಎತ್ತರಕ್ಕೆ ಹೊಡೆದರೆ ಬಿದ್ದಲ್ಲೇ ನಿಲ್ಲುತ್ತದೆ. ಓಲ್ಡ್ ಕೋರ್ಸಿನಲ್ಲಿ ಅದೇ ಹೊಡೆತ ಗ್ರೀನಿನ ಮೇಲೆ ಬಿದ್ದು, ಪುಟಿದು, ಗ್ರೀನಿನ ಆಚೆಗೆ ಓಡಿಹೋಗುತ್ತದೆ. ಗಾಳಿ ಇದ್ದರಂತೂ ಗ್ರೀನಿನವರೆಗೂ ತಲುಪುವುದಿಲ್ಲ.

ಆದ್ದರಿಂದ ಚೆಂಡನ್ನು ನೆಲದ ಮೇಲೆ ಓಡಿಸುವುದನ್ನು ಕಲಿತು ಹೋಗಿ. ಗ್ರೀನಿಗೆ ಇಪ್ಪತ್ತು ಮೂವತ್ತು ಗಜ ದೂರ ಇದ್ದರೂ, ನಡುವೆ ಬಂಕರ್ (ಮರಳಿನ ಹೊಂಡ) ಇಲ್ಲದಿದ್ದರೆ ಪಟ್ಟರ್ (ಚೆಂಡನ್ನು ನೆಲದ ಮೇಲೆ ಉರುಳಿಸುವ ಕೋಲು) ತೆಗೆಯಿರಿ. ನಾಚಿಕೆ ಪಡುವಂಥದ್ದೇನೂ ಇಲ್ಲ, ಅಲ್ಲಿಯವರು ಮಾಡುವುದೇ ಅದು. ಸ್ವಲ್ಪ ಹೆಚ್ಚು ದೂರ ಇದ್ದರೆ 7 ಅಥವಾ 8 ಐರನ್‌ನಿಂದ (ಲೋಹದ ತಲೆಯ ನಂಬರಿನ ಕೋಲು) ಮೆಲ್ಲಗೆ ತಳ್ಳಿ ಉರುಳಿಸಿ. ಚೆಂಡನ್ನು ಎತ್ತರಕ್ಕೆ ಎತ್ತುವ ವೆಡ್ಜ್ ಕೋಲು ತೆಗೆದರೆ, ಅದರ ತಳ ಆ ಗಟ್ಟಿ ನೆಲಕ್ಕೆ ಬಡಿದು ಪುಟಿಯುತ್ತದೆ, ಚೆಂಡಿನ ನೆತ್ತಿಗೆ ಹೊಡೆತ ಬೀಳುತ್ತದೆ. ಎದುರು ಗಾಳಿಗೆ ಜೋರಾಗಿ ಹೊಡೆಯುವ ಚಪಲ ಬೇಡ. ಜೋರಾಗಿ ಹೊಡೆದಷ್ಟೂ ಚೆಂಡು ತಿರುಗಿ ಮೇಲೇರುತ್ತದೆ, ಗಾಳಿಯ ಪಾಲಾಗುತ್ತದೆ. ಎರಡು ಕ್ಲಬ್ ಜಾಸ್ತಿ, ಅಂದರೆ ಇನ್ನೂ ದೂರ ಹೊಡೆಯುವ ಕೋಲು, ತೆಗೆದುಕೊಂಡು, ಹಿಡಿಯನ್ನು ಸ್ವಲ್ಪ ಕೆಳಗೆ ಹಿಡಿದು, ಮುಕ್ಕಾಲು ಸ್ವಿಂಗಿನಲ್ಲಿ ತಗ್ಗಾಗಿ ಹೊಡೆಯಿರಿ. ಇನ್ನೊಂದು ವಿಷಯ ಮರೆಯಬೇಡಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ಸ್ವಲ್ಪ ಹೆಚ್ಚೇ ಹೋಗುತ್ತದೆ. ಸಮುದ್ರ ಮಟ್ಟದಲ್ಲಿ, ಆ ಚಳಿಯಲ್ಲಿ, ನಿಮ್ಮ ಮಾಮೂಲಿ 7 ಐರನ್ ಅಷ್ಟು ದೂರ ಹಾರುವುದಿಲ್ಲ.

ಗಾಳಿ ಎಷ್ಟರ ಮಟ್ಟಿಗೆ ಅಂದರೆ, 2015ರಲ್ಲಿ ಇಲ್ಲೇ ನಡೆದ ಓಪನ್ (ಬ್ರಿಟಿಷ್ ಓಪನ್ ಗಾಲ್ಫ್ ಟೂರ್ನಮೆಂಟು) ವೇಳೆ ಶನಿವಾರ ಗ್ರೀನಿನ ಮೇಲೆ ಇಟ್ಟ ಚೆಂಡು ತಾನೇ ಸರಿಯುತ್ತಿತ್ತು. ಹತ್ತು ಗಂಟೆಗೂ ಹೆಚ್ಚು ಹೊತ್ತು ಆಟ ನಿಲ್ಲಿಸಿದರು. ಟೂರ್ನಮೆಂಟು ಸೋಮವಾರ ಮುಗಿಯಿತು. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಆ ಸಲ ನಾಲ್ಕೂ ಸುತ್ತು ಆಡಿ 30ನೇ ಸ್ಥಾನ ಹಂಚಿಕೊಂಡರು. ನಮ್ಮ ಮೆತ್ತನೆ ಹುಲ್ಲಿನಿಂದ ಹೋದವರಿಗೆ ಅದು ಸಣ್ಣ ಸಾಧನೆಯಲ್ಲ.

ಮುಂದಿನದು ಬಂಕರ್. ಓಲ್ಡ್ ಕೋರ್ಸಿನಲ್ಲಿ 112 ಬಂಕರ್‌ಗಳಿವೆ. ಹೆಚ್ಚಿನವಕ್ಕೆ ಹೆಸರಿದೆ: ಹೆಲ್, ಕಾಫಿನ್ಸ್, ಪ್ರಿನ್ಸಿಪಾಲ್ಸ್ ನೋಸ್. ಹುಲ್ಲಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿದ ನೆಟ್ಟಗಿನ ಗೋಡೆ, ಒಳಗೆ ನಿಂತು ಸ್ವಿಂಗ್ ಮಾಡುವಷ್ಟೇ ಜಾಗ. ಕೆಲವು ಬಂಕರ್‌ಗಳು ಟೀಯಿಂದ ಕಾಣುವುದೇ ಇಲ್ಲ. ಹನ್ನೆರಡನೇ ಹೋಲಿನಲ್ಲಿ (ಟೀಯಿಂದ ಗುಳಿಯವರೆಗಿನ ಒಂದು ಹಂತ) ಫೇರ್‌ವೇ ಪೂರ್ತಿ ಖಾಲಿ ಅನ್ನಿಸುತ್ತದೆ, ಚೆಂಡು ಮಾತ್ರ ಮಾಯ. ಕಾರಣ ಸ್ವಾರಸ್ಯವಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಕೋರ್ಸನ್ನು ಈಗಿನದಕ್ಕೆ ಉಲ್ಟಾ ದಿಕ್ಕಿನಲ್ಲೂ ಆಡುತ್ತಿದ್ದರು. ಹಾಗೆ ಬರುವವರಿಗೆ ಆ ಬಂಕರ್‌ಗಳು ಚೆನ್ನಾಗಿ ಕಾಣುತ್ತವೆ. ನಮಗೆ ಅವುಗಳ ಬೆನ್ನು ಮಾತ್ರ.

ಬಂಕರಿಗೆ ಬಿದ್ದರೆ ವಾದ ಮಾಡಬೇಡಿ. ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಗೆ ಬನ್ನಿ. 1995ರಲ್ಲಿ ಜ್ಯಾಕ್ ನಿಕ್ಲಸ್ ಹದಿನಾಲ್ಕನೇ ಹೋಲಿನ ಹೆಲ್ ಬಂಕರಿನಿಂದ ಹೊರಬರಲು ನಾಲ್ಕು ಹೊಡೆತ ತೆಗೆದುಕೊಂಡು ಆ ಹೋಲಿಗೆ 10 ಬರೆದರು. ಇದೇ ಕೋರ್ಸಿನಲ್ಲಿ ಎರಡು ಸಲ ಓಪನ್ ಗೆದ್ದವರು ಅವರು. 1978ರಲ್ಲಿ ಜಪಾನಿನ ನಕಾಜಿಮಾ ಹದಿನೇಳನೇ ಗ್ರೀನಿನ ಮೇಲಿದ್ದ ಚೆಂಡನ್ನು ಪಟ್ ಮಾಡಿದರು, ಅದು ಉರುಳುತ್ತಾ ಹೋಗಿ ರೋಡ್ ಬಂಕರಿಗೆ ಬಿತ್ತು. ಒಟ್ಟು 9. ಇನ್ನೊಂದು ಕಡೆ, 2000ದಲ್ಲಿ ಟೈಗರ್ ವುಡ್ಸ್ ನಾಲ್ಕು ಸುತ್ತಿನಲ್ಲಿ ಒಂದೇ ಒಂದು ಬಂಕರಿಗೂ ಬೀಳದೆ, ಪಾರ್‌ಗಿಂತ (ನಿಗದಿತ ಹೊಡೆತಗಳಿಗಿಂತ) 19 ಕಡಿಮೆಯಲ್ಲಿ ಗೆದ್ದರು.

ವುಡ್ಸ್ ಥರ ಆಡುವುದು ನಮ್ಮಿಂದಾಗದು. ಆದರೆ ಒಂದು ಸರಳ ಉಪಾಯ ಇದೆ. ಅನುಮಾನ ಬಂದಾಗಲೆಲ್ಲ ಎಡಕ್ಕೆ ಹೊಡೆಯಿರಿ. ಕೋರ್ಸು ಊರಿನಿಂದ ನೇರ ಈಡನ್ ನದೀಮುಖದ ಕಡೆಗೆ ಹೋಗಿ, ಅಲ್ಲೊಂದು ಸುತ್ತು ಹಾಕಿ, ಹೋದ ದಾರಿಯ ಪಕ್ಕದಲ್ಲೇ ವಾಪಸ್ ಬರುತ್ತದೆ. ಎಡಗಡೆ ಇರುವುದು ಎದುರು ಬರುವವರ ಫೇರ್‌ವೇ, ಅಲ್ಲಿ ಜಾಗ ಧಾರಾಳ. ಬಲಗಡೆ ಮುಳ್ಳಿನ ಗಾರ್ಸ್ ಪೊದೆ ಅಥವಾ ಔಟ್ ಆಫ್ ಬೌಂಡ್ಸ್ (ಆಟದ ಗಡಿಯಾಚೆ). ಎಡದಿಂದ ಗ್ರೀನಿಗೆ ಬರುವ ಕೋನ ಅಷ್ಟು ಚೆನ್ನಾಗಿರುವುದಿಲ್ಲ, ನಿಜ. ಆದರೆ ಚೆಂಡು ಕಳೆಯುವುದಿಲ್ಲ. 20 ಹ್ಯಾಂಡಿಕ್ಯಾಪಿಗೆ ಅದೇ ದೊಡ್ಡ ಲಾಭ.

ಹೋಗುವವರೂ ಬರುವವರೂ ಗ್ರೀನುಗಳನ್ನೂ ಹಂಚಿಕೊಳ್ಳುತ್ತಾರೆ. ಏಳು ಜೋಡಿ ಗ್ರೀನುಗಳಿವೆ, ಎರಡರ ಜೊತೆ ಹದಿನಾರು, ಮೂರರ ಜೊತೆ ಹದಿನೈದು, ಹೀಗೆ. ಯಾವ ಜೋಡಿ ಕೂಡಿಸಿದರೂ 18. ಗ್ರೀನ್ ಎಷ್ಟು ದೊಡ್ಡದೆಂದರೆ, ಚೆಂಡು ಗ್ರೀನಿನ ಮೇಲಿದ್ದರೂ ಗುಳಿ ಮೂವತ್ತು ನಲವತ್ತು ಗಜ ದೂರ ಇರಬಹುದು. ಉದ್ದ ಪಟ್ಟಿಂಗ್ ಅಭ್ಯಾಸ ಮಾಡಿಕೊಂಡು ಹೋಗಿ. ಹೋಗುವ ಹೋಲುಗಳಿಗೆ ಬಿಳಿ ಬಾವುಟ, ವಾಪಸ್ ಬರುವಾಗ ಕೆಂಪು. ಗಡಿಬಿಡಿಯಲ್ಲಿ ತಪ್ಪು ಬಾವುಟಕ್ಕೆ ಹೊಡೆಯುವವರು ದಿನಾ ಇರುತ್ತಾರೆ.

ಹದಿನೇಳನೆಯದು, ರೋಡ್ ಹೋಲ್, ಬೇರೆಯೇ ಪಾಠ. ಟೀಯಿಂದ ಹೋಟೆಲಿನ ಶೆಡ್ಡಿನ ಮೂಲೆಯ ಮೇಲೆ ಹೊಡೆಯಬೇಕು. ಅಲ್ಲಿ ಹಿಂದೆ ರೈಲ್ವೆಯವರ ಶೆಡ್ಡುಗಳಿದ್ದವು. ಗ್ರೀನಿನ ಮುಂದೆ ರೋಡ್ ಬಂಕರ್, ಹಿಂದೆ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಬಿದ್ದರೆ ರಸ್ತೆಯಿಂದಲೇ ಹೊಡೆಯಬೇಕು. ಇದನ್ನು ಪಾರ್ 4 ಅಂತ ನೋಡಬೇಡಿ. ಮೂರನೇ ಹೊಡೆತಕ್ಕೆ ಗ್ರೀನಿನ ಬಲ ಮುಂಭಾಗಕ್ಕೆ ತಂದು, ಅಲ್ಲಿಂದ ಎರಡು ಪಟ್. ಐದು ಬಂದರೆ ಖುಷಿಯಿಂದ ಬರೆದುಕೊಳ್ಳಿ.

ಮೊದಲ ಸಲಕ್ಕೆ ಈ ಕೋರ್ಸು ಇಷ್ಟವಾಗದೇ ಹೋಗಬಹುದು. ಹೊಡೆತ ಚೆನ್ನಾಗಿದ್ದರೂ ಚೆಂಡು ದಿಬ್ಬಕ್ಕೆ ಬಡಿದು ಎಲ್ಲೋ ಹೋಗುತ್ತದೆ. ಅಮೆರಿಕದ ಹೆಸರಾಂತ ಆಟಗಾರ ಬಾಬಿ ಜೋನ್ಸ್‌ಗೂ ಹಾಗೇ ಆಯಿತು. 1921ರ ಓಪನ್‌ನಲ್ಲಿ ಹನ್ನೊಂದನೇ ಹೋಲಿನ ಬಂಕರಿನಲ್ಲಿ ಸಿಕ್ಕಿಕೊಂಡು ಸಿಟ್ಟಿನಲ್ಲಿ ಆಟವನ್ನೇ ಬಿಟ್ಟರು. 1927ರಲ್ಲಿ ಅಲ್ಲೇ ಓಪನ್ ಗೆದ್ದರು, 1930ರಲ್ಲಿ ಬ್ರಿಟಿಷ್ ಅಮೆಚೂರ್ ಟೂರ್ನಮೆಂಟು ಗೆದ್ದರು. 1958ರಲ್ಲಿ ಊರು ಅವರಿಗೆ ಗೌರವ ಪೌರತ್ವ ಕೊಟ್ಟಿತು. ಅವರಿಗಿಂತ ಮೊದಲು ಆ ಗೌರವ ಪಡೆದ ಅಮೆರಿಕನ್ ಬೆಂಜಮಿನ್ ಫ್ರಾಂಕ್ಲಿನ್. ಕಾಲೇಜು ಹುಡುಗನ ಸಿಟ್ಟನ್ನು ಊರು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ.

ನೆಲ ಓದಲು ಬರದ ನಮ್ಮಂಥವರಿಗೆ ಕ್ಯಾಡಿ (ಬ್ಯಾಗು ಹೊತ್ತು ದಾರಿ ಹೇಳುವವರು) ಬೇಕೇ ಬೇಕು. ಬೇರೆ ಯಾವ ಖರ್ಚು ಕಡಿಮೆ ಮಾಡಿದರೂ ಇದನ್ನು ಮಾಡಬೇಡಿ. ಕಾಣದ ಬಂಕರ್ ಎಲ್ಲಿದೆ, ಗಾಳಿ ಎಷ್ಟು ತಳ್ಳುತ್ತದೆ, ಯಾವ ಗೋಪುರದ ನೇರಕ್ಕೆ ಹೊಡೆಯಬೇಕು ಅಂತ ಅವರು ಹೇಳುತ್ತಾರೆ. ನಾಲ್ಕೂಕಾಲು ಗಂಟೆಯ ನಡಿಗೆಯಲ್ಲಿ ಊರಿನ ಕಥೆಯೂ ಸಿಗುತ್ತದೆ. ನಡಿಗೆ ಅಂದೆ, ಏಕೆಂದರೆ ಆರೋಗ್ಯದ ಕಾರಣ ಬಿಟ್ಟರೆ ಬಗ್ಗಿ ಗಾಡಿ ಕೊಡುವುದಿಲ್ಲ. ಮಳೆ ಅಂಗಿ ಜುಲೈನಲ್ಲೂ ಬ್ಯಾಗಿನಲ್ಲಿರಲಿ.

ಚೀಟಿಯಲ್ಲಿ ಹೆಸರು ಬರದೇ ಹೋದರೆ? ಪಕ್ಕದಲ್ಲೇ ನ್ಯೂ ಕೋರ್ಸ್ ಇದೆ. ಹೆಸರಿಗೆ ಹೊಸದು, 1895ರದು, ಆ ಕಾಲದ ಹೆಸರಾಂತ ಗಾಲ್ಫರ್ ಓಲ್ಡ್ ಟಾಮ್ ಮಾರಿಸ್ ಮಾಡಿದ್ದು. ಅದೇ ಮರಳು, ಅದೇ ಗಾಳಿ, ದರ ಬಹಳ ಕಡಿಮೆ. ಜುಬಿಲಿ, ಈಡನ್ ಎಂಬ ಕೋರ್ಸುಗಳೂ ಅಲ್ಲೇ ಇವೆ. ಗಾಲ್ಫ್ ಆಡದ ಮನೆಯವರು ಜೊತೆಗಿದ್ದರೆ ಹಿಮಾಲಯಸ್‌ಗೆ ಕರೆದುಕೊಂಡು ಹೋಗಿ. 1867ರಲ್ಲಿ ಶುರುವಾದ ಮಹಿಳೆಯರ ಪಟ್ಟಿಂಗ್ ಕ್ಲಬ್ಬಿನ ಜಾಗ ಅದು. ದಿಬ್ಬ ತಗ್ಗುಗಳ ದೊಡ್ಡ ಪಟ್ಟಿಂಗ್ ಗ್ರೀನ್, ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಹತ್ತಿರದ ರೈಲು ನಿಲ್ದಾಣ ಲ್ಯೂಕರ್ಸ್, ಅಲ್ಲಿಂದ ಊರಿಗೆ ಬಸ್ಸಿದೆ. 2027ರ ಜುಲೈನಲ್ಲಿ ಓಪನ್ ಮತ್ತೆ ಇಲ್ಲೇ ನಡೆಯಲಿದೆ. ಆ ಬೇಸಿಗೆಗೆ ಹೋಗುವುದಾದರೆ ಟಿಕೆಟ್ ತೆಗೆಯುವ ಮುಂಚೆ ಕೋರ್ಸು ಯಾವಾಗ ಮುಚ್ಚಿರುತ್ತದೆ ಅಂತ ಟ್ರಸ್ಟಿನವರನ್ನು ಕೇಳಿಕೊಳ್ಳಿ.